ಗುರಿಯ ಹಿಂದಿನ ನೆಲ

ಹಂಪಿ ಎಕ್ಸ್‌ಪ್ರೆಸ್ಸಿನಿಂದ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದವರನ್ನು ಮುತ್ತಿಕೊಂಡು ಆಟೊದವರು ಕೂಗುವುದು ಎರಡೇ ಹೆಸರು: ಹಂಪಿ, ಡ್ಯಾಮು. ಬೆಂಗಳೂರಿನಿಂದ ಬಂದಿದ್ದ ಆ ಅಪ್ಪ–ಮಗಳಿಗೆ ಎರಡೂ ಬೇಕಿರಲಿಲ್ಲ. ಅಪ್ಪನ ಹೆಗಲಚೀಲದಲ್ಲಿ ಮೂರು ಜಮೀನುಗಳ ಪಹಣಿ, ಒಂದು ಅಳತೆ ಟೇಪು, ಉಪಗ್ರಹ ನಕ್ಷೆಯ ಕೆಲವು ಹಾಳೆ ಇದ್ದವು. ಮಗಳು ಕಾಲೇಜು ಹುಡುಗಿ, 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ಮುಂದಿನ ಮೆಟ್ಟಿಲು 50 ಮೀಟರ್, ಅಂದರೆ ನಿಜವಾದ ತೋಟೆ ಹಾಕುವ ಪಾಯಿಂಟ್ ಟೂ ಟೂ ರೈಫಲ್. ನಗರದ ರೇಂಜಿನಲ್ಲಿ ಸರದಿ ಕಾಯುವುದು, ಶುಲ್ಕ ಕಟ್ಟುವುದು, ಅಲ್ಲಿಗೆ ಮುಟ್ಟುವಷ್ಟರಲ್ಲಿ ಟ್ರಾಫಿಕ್ಕಿನಲ್ಲೇ ಕೈ ಸೋಲುವುದು, ಇವೆಲ್ಲ ಸಾಕಾಗಿ ಅಪ್ಪನಿಗೊಂದು ಉಪಾಯ ಹೊಳೆದಿತ್ತು. ಅಕ್ಕನನ್ನು ಕೊಟ್ಟ ಊರು ಕಂಪ್ಲಿ. ಆ ಸೀಮೆಯಲ್ಲಿ ಹೊಲವಿದೆ, ಗುಡ್ಡವಿದೆ, ಜನ ಕಡಿಮೆ. ಸ್ವಂತದ್ದೊಂದು ಶೂಟಿಂಗ್ ರೇಂಜ್ ಕಟ್ಟಿಕೊಂಡರಾಯಿತು.

ಇದು ಹುಚ್ಚು ಆಸೆಯೇನಲ್ಲ. 2008ರ ಆಗಸ್ಟ್ 11ರಂದು ಬೀಜಿಂಗಿನಲ್ಲಿ ಒಲಿಂಪಿಕ್ಸಿನ ಮೊದಲ ವೈಯಕ್ತಿಕ ಚಿನ್ನವನ್ನು ಭಾರತಕ್ಕೆ ತಂದ ಅಭಿನವ್ ಬಿಂದ್ರಾ ಪಳಗಿದ್ದು ಮನೆಯ ರೇಂಜಿನಲ್ಲೇ. ಚಂಡೀಗಡದ ಹೊರಗಿನ ಜೀರಕ್‌ಪುರದ ಕಡೆ, ಕುಟುಂಬದ ಜಮೀನಿನಲ್ಲಿ ಮನೆಯವರು ಅದನ್ನು ಕಟ್ಟಿಸಿಕೊಟ್ಟಿದ್ದರು. ನಮ್ಮವರಲ್ಲೇ ನೋಡಿದರೆ, ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದ ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದು ಪಿಸ್ತೂಲಿಗೆ ಮರಳಿದವರು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದವರು. ಇಂಥ ಕಥೆಗಳನ್ನು ಓದಿದ ಅಪ್ಪಂದಿರಿಗೆ ಹೊಲದ ಮೂಲೆಯೆಲ್ಲ ರೇಂಜಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬಿಂದ್ರಾರ ಕಥೆ ಹೇಳುವವರು ಒಂದು ಸಂಗತಿಯನ್ನು ದಾಟಿಸಿಬಿಡುತ್ತಾರೆ. ಆ ರೇಂಜ್ ಇದ್ದದ್ದು ಬಯಲಿನಲ್ಲಲ್ಲ, ಗೋಡೆಗಳ ಒಳಗೆ.

ಭಾವ ಜೀಪು ತಂದಿದ್ದರು. ಸ್ಟೇಷನ್ ರಸ್ತೆಯ ಪಕ್ಕ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತ ಯೋಜನೆಯನ್ನು ಪೂರ್ತಿ ಕೇಳಿಸಿಕೊಂಡರು. ಬಂದೂಕು ಅವರಿಗೆ ಹೊಸದಲ್ಲ. ಅವರ ತಂದೆಯ ಕಾಲದಲ್ಲಿ ಹಂದಿ ಬೆದರಿಸಲು ಮನೆಯಲ್ಲೊಂದು ಕೇಪಿನ ಬಂದೂಕಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಯಲ್ಲಿ ಜಮಾ ಮಾಡಬೇಕು, ಮುಗಿದ ಮೇಲೆ ಬಿಡಿಸಿಕೊಂಡು ಬರಬೇಕು.

“ಅದು ಮನ್ಯಾಗ ಇದ್ದದ್ದಕ್ಕಿಂತ ಸ್ಟೇಷನ್ನಾಗ ಇದ್ದದ್ದೇ ಹೆಚ್ಚು. ಕಡಿಗೆ ಅಪ್ಪನೇ ಲೈಸೆನ್ಸ್ ವಾಪಸ್ ಕೊಟ್ಟ. ನೀನೀಗ ಒಂದು ಬಂದೂಕಲ್ಲ, ಬಂದೂಕಿನ ಸಾಲೀನೇ ತೆಗೀತೀನಿ ಅಂತೀ,” ಎಂದರು ಭಾವ.

ಸಾಲೆ ತೆಗೆಯುವುದಕ್ಕೆ ಕಾನೂನು ಬೇರೆಯೇ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ರೈತನ ಮಟ್ಟಿಗೆ ಸ್ವಲ್ಪ ಉದಾರಿ. ಬೆಳೆ ಕಾಯಲು ಬಾಯಿಯಿಂದ ಮದ್ದು ತುಂಬುವ ಬಂದೂಕು, ಆತ್ಮರಕ್ಷಣೆಗೋ ಕ್ರೀಡೆಗೋ 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬಂದೂಕು ಕೇಳಿದರೆ ಪರವಾನಗಿ ಕೊಡಬಹುದು ಎನ್ನುತ್ತದೆ. ಆದರೆ ಬೆಳೆ ಕಾಯುವ ಪರವಾನಗಿ ಇಟ್ಟುಕೊಂಡು ಹೊಲದಲ್ಲಿ ಗುರಿ ಅಭ್ಯಾಸದ ಕೇಂದ್ರ ನಡೆಸಲು ಬರುವುದಿಲ್ಲ. ಕ್ಲಬ್ಬು, ರೇಂಜುಗಳಿಗೆ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಪ್ರತ್ಯೇಕ ಪರವಾನಗಿಯಿದೆ. 21 ತುಂಬದವರಿಗೆ ಸ್ವಂತ ಹೆಸರಿನಲ್ಲಿ ಬಂದೂಕಿನ ಪರವಾನಗಿ ಸಿಗದು, ತರಬೇತಿಗೆ ಮಾತ್ರ ಷರತ್ತಿನ ವಿನಾಯಿತಿ. 2019ರ ತಿದ್ದುಪಡಿ ಇನ್ನಷ್ಟು ಬಿಗಿ: ಒಬ್ಬರ ಬಳಿ ಇರಬಹುದಾಗಿದ್ದ ಬಂದೂಕುಗಳ ಸಂಖ್ಯೆಯನ್ನು ಅದು ಮೂರರಿಂದ ಎರಡಕ್ಕೆ ಇಳಿಸಿತು. ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವವರಿಗೆ ಎರಡು ವರ್ಷದವರೆಗೆ ಜೈಲು ಇಲ್ಲವೇ 1 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ ಎಂದಿತು.

“ಕೊಡಗಿನಾಗ ಹಂಗಲ್ಲಲ್ಲ ಮಾವ?” ಎಂದು ಮಗಳು ಭಾವನ ಭಾಷೆಯಲ್ಲೇ ಕೇಳಿದಳು. ಹೌದು, ಹಾಗಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿದಿದೆ. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಅಲ್ಲಿ ಇಂದಿಗೂ ಊರೂರಿನಲ್ಲಿ ನಡೆಯುತ್ತದೆ. ಆದರೆ ತುಂಗಭದ್ರೆಯ ದಂಡೆಗೆ ಆ ಸಡಿಲಿಕೆ ಹರಿದು ಬರುವುದಿಲ್ಲ.

ಇನ್ನೊಂದು ತೊಡಕು ಇಲ್ಲಿಯದೇ. ವಿಜಯನಗರ ಜಿಲ್ಲೆ 2021ರಲ್ಲಿ ಬೇರೆಯಾದಾಗ ಹೊಸಪೇಟೆ, ಹಂಪಿ ಹೊಸ ಜಿಲ್ಲೆಗೆ ಬಂದವು. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಶಸ್ತ್ರ ಪರವಾನಗಿ ಜಿಲ್ಲಾಡಳಿತದ ಬಾಗಿಲಲ್ಲಿ ಕೇಳಬೇಕಾದ್ದು. ಆದ್ದರಿಂದ ಒಂದು ಬೆಳಿಗ್ಗೆಯಲ್ಲಿ ಸುತ್ತಿ ಬರಬಹುದಾದ ಮೂರು ಜಮೀನಿಗೆ ಎರಡು ಜಿಲ್ಲಾಧಿಕಾರಿ ಕಚೇರಿ.

ಮೊದಲ ಜಮೀನು ಇದ್ದದ್ದು ಹಂಪಿ ದಾರಿಯಲ್ಲಿ, ಬಾಳೆತೋಟಗಳು ಮುಗಿದು ಬಂಡೆಗಳು ಶುರುವಾಗುವ ಕಡೆ. ಪರಿಚಿತರೊಬ್ಬರ ಪಾಳುಭೂಮಿ. ಹಿಂದೆ ಗೋಡೆಯಂತೆ ನಿಂತ ಕಲ್ಲುಗುಡ್ಡ. ಅಪ್ಪ ಜೀಪಿನಿಂದ ಇಳಿದವನೇ ಟೇಪು ಬಿಚ್ಚಿದ. ಗುಂಡು ತಡೆಯಲು ದೇವರೇ ಕಟ್ಟಿದ ಗೋಡೆ ಇದೆಯಲ್ಲ ಎಂಬುದು ಅವನ ಲೆಕ್ಕ.

ಲೆಕ್ಕ ತಲೆಕೆಳಗು. ಸೀಸದ ಗುಂಡಿಗೆ ಬಂಡೆಗಿಂತ ಕೆಟ್ಟ ಬೆನ್ನುಗೋಡೆ ಇನ್ನೊಂದಿಲ್ಲ. ಓರೆಯಾಗಿ ಬಡಿದ ಗುಂಡು ನಿಲ್ಲುವುದಿಲ್ಲ, ಪುಟಿಯುತ್ತದೆ. ಯಾವ ಕಡೆಗೆ ಎಂದು ಹೊಡೆದವರಿಗೂ ಹೇಳಲಾಗದು. ನೇರವಾಗಿ ಬಡಿದರೆ ಚೂರಾಗಿ ಹಿಂದಕ್ಕೆ ಸಿಡಿಯುತ್ತದೆ. ಹಂಪಿಯ ಬಂಡೆಗಳೋ ಒಂದಕ್ಕೊಂದು ಓರೆಯಾಗಿ, ಉರುಟಾಗಿ ಪೇರಿಸಿಕೊಂಡಿರುವ ಕಣಶಿಲೆ. ರೇಂಜಿಗೆ ಬೇಕಾದದ್ದು ಕಲ್ಲು ಆರಿಸಿ ತೆಗೆದ ಮೆತ್ತನೆಯ ಮಣ್ಣಿನ ದಿಬ್ಬ. ಪಾಯಿಂಟ್ ಟೂ ಟೂ ತೋಟೆ ನೋಡಲು ಕಿರುಬೆರಳಿನ ಅರ್ಧದಷ್ಟಿದ್ದರೂ ಸ್ವಲ್ಪ ಮೇಲೆತ್ತಿ ಹೊಡೆದರೆ ಅದರ ಗುಂಡು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಗುರಿ ಇರುವುದು 50 ಮೀಟರಿಗೆ, ಜವಾಬ್ದಾರಿ ಅದರ ಮೂವತ್ತು ಪಟ್ಟು ದೂರಕ್ಕೆ.

ಈ ಮಾತಿಗೆ ಹಂಪಿಯಷ್ಟು ಒಪ್ಪುವ ಊರಿಲ್ಲ. ನದಿಯಾಚೆಯ ಆನೆಗೊಂದಿ ಸೀಮೆಯನ್ನು ಜನ ಕಿಷ್ಕಿಂಧೆ ಎಂದೇ ಕರೆಯುತ್ತಾರೆ. ವಾಲಿಯನ್ನು ಕೊಲ್ಲಬಲ್ಲೆಯಾ ಎಂಬ ಸುಗ್ರೀವನ ಅನುಮಾನ ತೀರಿಸಲು ರಾಮ ಕೊಟ್ಟದ್ದು ಒಂದು ಗುರಿ ಪರೀಕ್ಷೆ. ಒಂದೇ ಬಾಣ ಏಳು ಸಾಲವೃಕ್ಷಗಳನ್ನು ಸೀಳಿ, ಬೆಟ್ಟವನ್ನು ತೂರಿ, ನೆಲದೊಳಕ್ಕೆ ಇಳಿದು, ಮತ್ತೆ ಬತ್ತಳಿಕೆಗೆ ಬಂದು ಸೇರಿತು. ರೇಂಜ್ ಕಟ್ಟುವವರ ಕಣ್ಣಿನಲ್ಲಿ ನೋಡಿದರೆ ಅದು ಬೆನ್ನುದಿಬ್ಬವೇ ಇಲ್ಲದ ಹೊಡೆತ. ಬಾಣ ತಾನಾಗಿ ಹಿಂದಿರುಗಿದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಪಾಯಿಂಟ್ ಟೂ ಟೂ ಗುಂಡಿಗೆ ಆ ಶಿಸ್ತು ಇಲ್ಲ. ನಿಂಬಾಪುರದ ಬಳಿಯ ಬೂದಿದಿಬ್ಬವನ್ನು ವಾಲಿಯ ಚಿತೆಯ ಬೂದಿ ಎಂದು ಊರವರು ಇಂದಿಗೂ ತೋರಿಸುತ್ತಾರೆ.

ಪುರಾಣ ಬಿಟ್ಟು ಚರಿತ್ರೆಗೆ ಬಂದರೂ ಇಲ್ಲಿಯ ಕಲ್ಲುಗಳು ಬಿಲ್ಲು ಹಿಡಿದೇ ನಿಂತಿವೆ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಬೇಟೆಯ ಸಾಲು, ಹಜಾರ ರಾಮನ ಗೋಡೆಗಳಲ್ಲಿ ಬಾಣ ಹೂಡಿದ ರಾಮ. ಬಹಮನಿಗಳ ಎದುರು ಸೋಲು ಕಂಡ ಇಮ್ಮಡಿ ದೇವರಾಯ ಕಾರಣ ಹುಡುಕಿ, ಎದುರಾಳಿಯ ಬಲ ಕುದುರೆ ಮತ್ತು ಬಿಲ್ಲುಗಾರರಲ್ಲಿದೆ ಎಂದು ಕಂಡುಕೊಂಡನೆಂದು ಇತಿಹಾಸಕಾರ ಫೆರಿಷ್ತಾ ಬರೆಯುತ್ತಾನೆ. ರಾಯ ಮುಸ್ಲಿಂ ಬಿಲ್ಲುಗಾರರನ್ನು ಸೇನೆಗೆ ಸೇರಿಸಿದ, ಅವರಿಂದ ತನ್ನ ಸೈನಿಕರಿಗೆ ಕಲಿಸಿದ. ಬಿಲ್ವಿದ್ಯೆಯಲ್ಲಿ ಪಳಗಿದ 2000 ಮುಸ್ಲಿಮರು, 60,000 ಹಿಂದೂಗಳು ಎಂಬುದು ಫೆರಿಷ್ತಾನ ಲೆಕ್ಕ. ಅಂಕಿಯನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು. ಆದರೆ ಆ ರಾಯನ ಪುಣ್ಯಕ್ಕೆಂದು ಅಹ್ಮದ್ ಖಾನ್ ಎಂಬವನು 1439ರಲ್ಲಿ ಕಟ್ಟಿಸಿದ ಕಟ್ಟಡ ಶಾಸನದೊಂದಿಗೆ ಇಂದಿಗೂ ಹಂಪಿಯಲ್ಲಿದೆ. ಅದನ್ನು ನೋಡಲು ಹೋಗುವವರು ಕಡಿಮೆ, ಹೋಗಬೇಕು.

ಕೃಷ್ಣದೇವರಾಯನ ಕಾಲಕ್ಕೆ ಬಂದೂಕೂ ಸೇರಿತು. ಮಹಾನವಮಿಯ ಕೊನೆಗೆ ನಗರದ ಹೊರಗೆ ನಡೆದ ಸೈನ್ಯದ ಸಾಲಿನಲ್ಲಿ ಬಿಲ್ಲುಗಾರರ ಜೊತೆ ಬಂದೂಕಿನವರನ್ನೂ ಪೋರ್ಚುಗೀಸ್ ಪ್ರವಾಸಿ ಪಯೆಸ್ ಕಂಡ. ಅರಸ ಮೂರು ದಿಕ್ಕಿಗೆ ಮೂರು ಬಾಣ ಬಿಡುತ್ತಿದ್ದ, ಒಂದು ಬಿಜಾಪುರದ ಸುಲ್ತಾನನ ಹೆಸರಿನಲ್ಲಿ, ಒಂದು ಗೋಲ್ಕೊಂಡೆಯವನಿಗೆ, ಮತ್ತೊಂದು ಪೋರ್ಚುಗೀಸರಿಗೆ. ಯಾವುದು ದೂರ ಬೀಳುತ್ತದೋ ಆ ಕಡೆಗೆ ಆ ವರ್ಷದ ದಂಡು ಎಂಬ ವಿವರವೂ ಪೋರ್ಚುಗೀಸ್ ಬರಹದಲ್ಲಿದೆ. 1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ಟೊವಾವ್ ಡಿ ಫಿಗೆರೆಡೊ ಎಂಬ ಪೋರ್ಚುಗೀಸನ ಕೆಲವೇ ಬಂದೂಕುಧಾರಿಗಳು ಕೋಟೆಗೋಡೆಯ ಮೇಲೆ ತಲೆಯೆತ್ತಿದವರನ್ನು ಒಬ್ಬೊಬ್ಬರಾಗಿ ಕೆಡವಿದ್ದನ್ನು ಇನ್ನೊಬ್ಬ ಪೋರ್ಚುಗೀಸ್ ಬರಹಗಾರ ನೂನಿಜ್ ಸವಿಸ್ತಾರವಾಗಿ ಹೇಳುತ್ತಾನೆ. ಈ ಸೀಮೆಯ ಸೇನೆ ಗುರಿಕಾರನ ಬೆಲೆ ಕಂಡುಕೊಂಡ ಗಳಿಗೆ ಅದೆಂದರೆ ಹೆಚ್ಚಲ್ಲ.

ಅಪ್ಪನ ಯೋಜನೆಗೆ ಇದಾವುದೂ ನೆರವಾಗಲಿಲ್ಲ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಗೆ ತನ್ನದೇ ಪ್ರಾಧಿಕಾರವಿದೆ, 2002ರ ಪ್ರತ್ಯೇಕ ಕಾಯ್ದೆಯಿದೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಇಲ್ಲಿ ಸ್ಮಾರಕ ಇಲ್ಲದ ಮೂಲೆ ಹುಡುಕುವುದೇ ಕಷ್ಟ. ತೂಗುಸೇತುವೆಗಳ ಕಾರಣಕ್ಕೇ 1999ರಲ್ಲಿ ಹಂಪಿ ‘ಅಪಾಯದಲ್ಲಿರುವ’ ತಾಣಗಳ ಪಟ್ಟಿಗೆ ಬಿದ್ದು, ಹೊರಬರಲು 2006 ಆಯಿತು. ಸೇತುವೆಗೇ ಇಷ್ಟು ಗದ್ದಲವಾದ ಕಡೆ ಗುಂಡಿನ ರೇಂಜಿಗೆ ಅರ್ಜಿ ಹಾಕುವವರ ಧೈರ್ಯ ಮೆಚ್ಚಬೇಕು. ಅಷ್ಟರಲ್ಲಿ ಆ ‘ನಿರ್ಜನ’ ಗುಡ್ಡದ ನೆತ್ತಿಯ ಮೇಲೆ ಮೂವರು ವಿದೇಶಿಯರು ನೀರಿನ ಬಾಟಲಿ ಹಿಡಿದು ಕಾಣಿಸಿಕೊಂಡರು. ಬಂಡೆ ಹತ್ತುವ ಹವ್ಯಾಸಿಗಳು. ಮಗಳು ಟೇಪನ್ನು ಸುತ್ತಿ ಚೀಲಕ್ಕೆ ಹಾಕಿದಳು.

ಹೊಸಪೇಟೆಗೆ ಮರಳಿ ಸಂಡೂರಿನ ದಾರಿ ಹಿಡಿದರೆ ಬಣ್ಣವೇ ಬದಲಾಗುತ್ತದೆ. ರಸ್ತೆಬದಿಯ ಎಲೆ, ಮನೆಯ ಗೋಡೆ, ಲಾರಿಯ ಚಕ್ರ, ಎಲ್ಲದರ ಮೇಲೂ ಕೆಂಪು ಧೂಳು. ಆದರೆ ಮಳೆ ಬಿದ್ದು ತಿಂಗಳಾದರೆ ಇದೇ ಸಂಡೂರು ಮಲೆನಾಡಿನ ತುಂಡಿನಂತೆ ಹಸಿರಾಗುತ್ತದೆ. ಸುತ್ತ ಬೆಟ್ಟದ ಕೋಟೆ, ನಡುವೆ ಕಣಿವೆ. ನಾರಿಹಳ್ಳ ಬೆಟ್ಟ ಕೊರೆದುಕೊಂಡು ಹರಿದ ಗಂಡಿಗಳೇ ಹೆಬ್ಬಾಗಿಲು: ಭೀಮಗಂಡಿ, ಓಬಳಗಂಡಿ.

ಎರಡನೆಯ ಜಮೀನು ಇಂಥದೇ ಬೆಟ್ಟದ ತಪ್ಪಲಿನಲ್ಲಿತ್ತು. ಮೂರು ಕಡೆ ಏರು, ಒಂದು ಕಡೆ ತೆರವು. ಪೊಲೀಸರು, ಎನ್‌ಸಿಸಿಯವರು ಫೈರಿಂಗ್ ಅಭ್ಯಾಸಕ್ಕೆ ಆರಿಸಿಕೊಳ್ಳುವುದೂ ಸಾಮಾನ್ಯವಾಗಿ ಇಂಥ ಗುಡ್ಡದ ಮಡಿಲನ್ನೇ. ಆದರೆ ಅವರ ಹಿಂದೆ ಒಂದು ವ್ಯವಸ್ಥೆಯಿದೆ. ಇಂತಿಂಥ ದಿನ ಈ ಗುಡ್ಡದ ಕಡೆ ಜನ, ಜಾನುವಾರು ಬರಬಾರದು ಎಂಬ ಪ್ರಕಟಣೆ, ಕೆಂಪು ಬಾವುಟ, ಸುತ್ತ ಕಾವಲು. ಒಬ್ಬ ಅಪ್ಪ, ಒಬ್ಬ ಮಗಳು ಸೇರಿ ಬೆಟ್ಟದ ಮೂರು ಬದಿ ಕಾಯಲಾದೀತೇ?

ನೆಲವೂ ಸಹಕರಿಸುವಂಥದ್ದಲ್ಲ. ಇಲ್ಲಿ ಕಾಲಿಟ್ಟಲ್ಲಿ ಅದಿರಿನ ಕಲ್ಲು, ಕಬ್ಬಿಣದಷ್ಟೇ ಗಟ್ಟಿ. 1977ರಲ್ಲಿ ದೋಣಿಮಲೆಯ ಗಣಿ ಶುರುವಾದಾಗಿನಿಂದ, ಅದಕ್ಕೂ ಮೊದಲು ಮ್ಯಾಂಗನೀಸ್ ಕಾಲದಿಂದ, ಈ ಬೆಟ್ಟಗಳು ಸಿಡಿಮದ್ದಿನ ಸದ್ದು ಕೇಳುತ್ತ ಬಂದಿವೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದ ದಿನಗಳನ್ನು ಭಾವ ನೆನಪಿಸಿಕೊಂಡರು. ಲಾರಿಗಳು ಸಾಲಾಗಿ ಮನೆ ಮುಂದೆ ತುಕ್ಕು ಹಿಡಿದವು ಎಂದರು. ಆ ಕಥೆ ದೊಡ್ಡದು, ಇಲ್ಲಿ ಬೇಡ.

ಇಲ್ಲಿ ಹೇಳಬೇಕಾದದ್ದು ಸಂಡೂರಿನ ಅರಸುಮನೆತನದ ಒಬ್ಬರ ಬಗ್ಗೆ. ಬೇರೆ ಸಂಸ್ಥಾನಗಳ ಅರಮನೆಗಳಲ್ಲಿ ಹುಲಿಚರ್ಮ, ಕೋಡುಗಳ ಸಾಲು ನೋಡಿ ಬಂದವರಿಗೆ ಎಂ.ವೈ. ಘೋರ್ಪಡೆ ವಿಚಿತ್ರವಾಗಿ ಕಾಣುತ್ತಾರೆ. 1970ರ ದಶಕದಲ್ಲಿ ರಾಜ್ಯದ ಹಣಕಾಸು ಸಚಿವರಾಗಿದ್ದವರು, ಆದರೆ ಕಾಡಿನ ಮಟ್ಟಿಗೆ ಅವರ ಹೆಸರು ಉಳಿದಿರುವುದು ಕ್ಯಾಮೆರಾದಿಂದ. ಅವರ ವನ್ಯಜೀವಿ ಛಾಯಾಚಿತ್ರಗಳ ಪುಸ್ತಕ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ 1983ರಲ್ಲಿ ಬಂತು. ಉಸಿರು ಹಿಡಿದು, ಬೆರಳನ್ನು ಮೆಲ್ಲಗೆ ಒತ್ತಿ, ಒಂದೇ ಗಳಿಗೆಗಾಗಿ ಕಾಯುವುದು ಗುರಿಕಾರನಿಗೂ ಛಾಯಾಗ್ರಾಹಕನಿಗೂ ಒಂದೇ ಕೆಲಸ. ಗುರಿಯ ಹಿಂದಿರುವವರಿಗೆ ಮಾತ್ರ ವ್ಯತ್ಯಾಸ ಬಹಳ.

ಸಂಡೂರಿನಲ್ಲಿ ಗುರಿಯ ಹಿಂದಿರುವವರು ಯಾರು? ಕರಡಿಗಳು. ಹಂಪಿಗೂ ಸಂಡೂರಿಗೂ ನಡುವಿನ ಕುರುಚಲು ಗುಡ್ಡಗಳಲ್ಲಿ 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮವಿದೆ. ಈಗ ಅದರ ವಿಸ್ತೀರ್ಣ 82 ಚದರ ಕಿಲೋಮೀಟರಿಗೂ ಹೆಚ್ಚು. ಸಂಜೆ ಕರಡಿಕಲ್ಲು ಗುಡ್ಡದ ಬಂಡೆಗಳಿಗೆ ಬೆಲ್ಲದ ಪಾಕ ಬಳಿದಿಟ್ಟರೆ ಕರಡಿಗಳು ನೆಕ್ಕಲು ಇಳಿದು ಬರುತ್ತವೆ, ಪ್ರವಾಸಿಗರು ಎದುರಿನ ಗೋಪುರದಿಂದ ನೋಡುತ್ತಾರೆ. ಕರಡಿ ಧಾಮದ ಗಡಿ ಓದಿಕೊಂಡು ತಿರುಗುವ ಪ್ರಾಣಿಯಲ್ಲ. ಹಣ್ಣು, ಗೆದ್ದಲು, ಜೇನು ಇದ್ದ ಕಡೆಗೆಲ್ಲ ಅದರ ರಾತ್ರಿಯ ದಾರಿ. ಬೆಳಗಿನ ಜಾವ ಗುಡ್ಡಕ್ಕೆ ವಾಪಸಾಗುವ ಹೊತ್ತೂ ಶೂಟರುಗಳ ಮೊದಲ ಅಭ್ಯಾಸದ ಹೊತ್ತೂ ಒಂದೇ.

ಜಮೀನಿನವರ ಆಳು ಎಮ್ಮೆ ಹೊಡೆದುಕೊಂಡು ಆ ತೆರವಿನಿಂದಲೇ ಬಂದ. ದಿನಾ ಇದೇ ದಾರಿಯಾ ಎಂದು ಅಪ್ಪ ಕೇಳಿದ. “ನಾನಷ್ಟೇ ಏನ್ರೀ ಸರ, ತಾಂಡಾದೋರು ಕಟಿಗೀಗೆ ಇಲ್ಲೇ ಹೋಗೋದು,” ಎಂದ ಅವನು. ಆ ಹೊತ್ತಿಗೆ ಅಪ್ಪನ ಮುಖದಲ್ಲಿ ಬೆಳಗಿನ ಉಮೇದು ಅರ್ಧ ಇಳಿದಿತ್ತು.

ಕಂಪ್ಲಿಗೆ ಹೋಗುವಾಗ ಬುಕ್ಕಸಾಗರ ದಾಟಿದ ಮೇಲೆ ನೆಲ ಮತ್ತೆ ಬೇರೆ. ವಿಜಯನಗರ ಕಾಲದ ಕಾಲುವೆಗಳು ಇಂದಿಗೂ ನೀರು ಹರಿಸುವ ಗದ್ದೆ, ಕಬ್ಬು, ಬಾಳೆ. ಹರಿಹರ–ಬುಕ್ಕರಿಗಿಂತ ಮೊದಲು ಈ ಸೀಮೆಗೆ ಹೆಸರು ತಂದ ಊರು ಕಂಪ್ಲಿ. ದೆಹಲಿಯ ಸುಲ್ತಾನನ ವಿರುದ್ಧ ಬಂಡೆದ್ದ ಬಹಾವುದ್ದೀನ್ ಗುಷ್ತಾಸ್ಪನಿಗೆ ಆಶ್ರಯ ಕೊಟ್ಟದ್ದಕ್ಕೆ ಕಂಪಿಲದೇವನ ರಾಜ್ಯ 1327ರಲ್ಲಿ ನಾಶವಾಯಿತು; ದೂರದ ಮೊರೊಕ್ಕೊದ ಇಬ್ನ್ ಬತೂತನೂ ಆ ಕಥೆಯನ್ನು ಬರೆದ. ಕಂಪಿಲನ ಮಗ ಕುಮಾರರಾಮನನ್ನು ಮಾತ್ರ ಜನ ಸಾಯಲು ಬಿಡಲಿಲ್ಲ. ಗಂಡುಗಲಿ ಎಂದು ಹಾಡಿಕೊಂಡೇ ಇದ್ದಾರೆ.

ಭಾವನ ಹೊಲ ಊರಿನಿಂದ ಹೊರಗೆ, ನದಿಯ ಕಡೆಗೆ. ಇಲ್ಲಿ ಬಂಡೆಯಿಲ್ಲ, ಅದಿರಿಲ್ಲ. ಮಣ್ಣು ಮೆತ್ತಗೆ, ದಿಬ್ಬ ಕಟ್ಟಲು ಹೇಳಿ ಮಾಡಿಸಿದ್ದು. ಅಪ್ಪ ಮತ್ತೆ ಟೇಪು ಬಿಚ್ಚಿದ. ಬದುವಿನಿಂದ ಬದುವಿಗೆ 50 ಮೀಟರ್ ಧಾರಾಳವಾಗಿ ಸಿಕ್ಕಿತು. ಭಾವ ಬೇವಿನ ನೆರಳಲ್ಲಿ ಕುಂತು ನೋಡುತ್ತಿದ್ದರು.

“ಅಳತಿ ಆತೇನಪ್ಪಾ? ಈಗ ಆ ಬದುವಿನ ಆಚಿ ಬಾ,” ಎಂದು ಎದ್ದರು.

ಬದುವಿನಾಚೆ ಪಕ್ಕದವರ ಗದ್ದೆ. ನಾಟಿ ದಿನಗಳಲ್ಲಿ ಅಲ್ಲಿ ಹೆಣ್ಣಾಳುಗಳು ಸಾಲಾಗಿ ಬಗ್ಗಿರುತ್ತಾರೆ. ಕೊಯ್ಲಾದ ಮೇಲೆ ನೆಲ ಬರಿದಾಗಿ ಕಾಣುವ ಹೊತ್ತಿಗೇ ಕುರಿಗಾರರು ಬಂದು, ಗೊಬ್ಬರಕ್ಕಾಗಿ ಹಿಂಡನ್ನು ಹೊಲದಲ್ಲಿ ತರುಬಿ, ಹೆಂಡಿರು ಮಕ್ಕಳೊಂದಿಗೆ ಅಲ್ಲೇ ಬಿಡಾರ ಹೂಡುತ್ತಾರೆ. ಜೋಳದ ಕಾಲದಲ್ಲಿ ಅಟ್ಟಣಿಗೆಯ ಮೇಲೆ ನಿಂತು ಕವಣೆ ಬೀಸುವ ಹುಡುಗ ಇರುತ್ತಾನೆ. ಅದರಾಚೆ ಕಾಲುವೆ. ನೀರು ಮೆತ್ತಗಿರುತ್ತದೆ ಎಂದುಕೊಳ್ಳುವುದೂ ತಪ್ಪು. ತಗ್ಗಿನ ಕೋನದಲ್ಲಿ ಬಡಿದ ಗುಂಡು ನೀರಿನ ಮೇಲಿನಿಂದಲೂ ಪುಟಿಯುತ್ತದೆ. ಕಾಲುವೆಯ ಆಚೆ ನದಿ, ಹರಿಗೋಲಿನಲ್ಲಿ ಬಲೆ ಹಾಕುವವರು. ಆ ನದಿಯೂ ಬರಿಯ ನದಿಯಲ್ಲ. ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗೆ 34 ಕಿಲೋಮೀಟರ್ ಉದ್ದಕ್ಕೂ ಅದು 2015ರಿಂದ ನೀರುನಾಯಿಗಳ ಸಂರಕ್ಷಿತ ಮೀಸಲು.

ಅಪ್ಪ ತಂದಿದ್ದ ಉಪಗ್ರಹ ನಕ್ಷೆಯಲ್ಲಿ ಇವರಾರೂ ಇರಲಿಲ್ಲ. ನಕ್ಷೆಗೆ ಚಿತ್ರ ತೆಗೆದದ್ದು ಯಾವುದೋ ಒಂದು ಮಧ್ಯಾಹ್ನ. ಹೊಲಕ್ಕೆ ವರ್ಷದಲ್ಲಿ ಮುನ್ನೂರರವತ್ತೈದು ಮಧ್ಯಾಹ್ನ.

ಮಣ್ಣಿನ ದಿಬ್ಬ ಎತ್ತರಿಸಿ, ಅಕ್ಕಪಕ್ಕ ಗೋಡೆ ಎಬ್ಬಿಸಿ, ಮೇಲಕ್ಕೆ ಹಾರುವ ಗುಂಡು ತಡೆಯಲು ತಲೆಯ ಮೇಲೆ ಅಡ್ಡಹಲಗೆಗಳ ಸಾಲು ಹಾಕಿದರೆ ಇಲ್ಲೂ 50 ಮೀಟರ್ ರೇಂಜ್ ಸಾಧ್ಯ. ಪಟ್ಟಣದೊಳಗಿನ ರೇಂಜುಗಳು ಬದುಕಿರುವುದು ಹಾಗೆಯೇ. ಆದರೆ ಅದಕ್ಕೆ ತಗಲುವ ಹಣ, ಪ್ರತಿ ಮಳೆಗಾಲದ ನಂತರ ಕುಸಿದ ದಿಬ್ಬವನ್ನು ಮತ್ತೆ ಎತ್ತುವ ಕೆಲಸ, ಮಣ್ಣಿಗೆ ಸೇರುವ ಸೀಸ, ಪರವಾನಗಿ, ತೋಟೆಗಳ ಲೆಕ್ಕದ ಪುಸ್ತಕ, ಇವೆಲ್ಲ ಒಂದು ಸಂಸ್ಥೆ ಹೊರುವ ಭಾರ. ಒಬ್ಬ ಮಗಳಿಗಾಗಿ ಒಬ್ಬ ಅಪ್ಪ ಹೊರುವಂಥದ್ದಲ್ಲ. ಈ ಬರಹದ ತೀರ್ಪು ಅದು. ಕಂಪ್ಲಿಯಲ್ಲಿ ಆ ಮಧ್ಯಾಹ್ನ ಅಪ್ಪನೂ ಬಂದು ನಿಂತದ್ದು ಅಲ್ಲಿಗೇ.

ದಾರಿ ತೋರಿಸಿದ್ದು ಮಗಳು. ಹೊಲದ ಅಂಚಿನಲ್ಲಿ ಭಾವ ಭತ್ತದ ಮೂಟೆ ಇಡುವ ಗೋದಾಮಿತ್ತು, ಇಟ್ಟಿಗೆ ಗೋಡೆ, ತಗಡಿನ ಮಾಡು. ಅವಳು ಒಳಹೊಕ್ಕು ಹೆಜ್ಜೆ ಹಾಕಿ ಅಳೆದಳು.

“ಮಾವ, ಇದರಾಗ ಅರ್ಧ ಕೊಡ್ರಿ. ನನಗ ಬೇಕಾಗಿರೋದು ಹತ್ತೇ ಮೀಟರ್.”

ಹತ್ತು ಮೀಟರಿನ ರೇಂಜ್ ಎಷ್ಟು ಕಡಿಮೆಯಲ್ಲಿ ಮುಗಿಯುತ್ತದೆಂದರೆ ಕೇಳಿದವರಿಗೆ ನಂಬಿಕೆ ಬರುವುದಿಲ್ಲ. ಪಂದ್ಯದ ಏರ್ ರೈಫಲ್ಲಿನ ಗುಂಡು 4.5 ಮಿಲಿಮೀಟರ್ ಅಡ್ಡಳತೆಯದು, ತೂಕ ಅರ್ಧ ಗ್ರಾಮಿನ ಆಸುಪಾಸು, ವೇಗ ಸೆಕೆಂಡಿಗೆ ಸುಮಾರು 170 ಮೀಟರ್. ಲೆಕ್ಕ ಹಾಕಿದರೆ ನಳಿಗೆಯ ಬಾಯಿಯಲ್ಲಿ ಅದರ ಶಕ್ತಿ ಏಳೆಂಟು ಜೌಲ್. ಪರವಾನಗಿ ಬೇಕಾಗುವುದು 20 ಜೌಲ್ ಮೀರಿದ, ಇಲ್ಲವೇ ನಳಿಗೆ .177 ಇಂಚಿಗಿಂತ ದೊಡ್ಡದಿರುವ ಏರ್‌ಗನ್ನುಗಳಿಗೆ. ಗುರಿಯ ಹಾಳೆಯ ವೃತ್ತ ಒಟ್ಟು 45.5 ಮಿಲಿಮೀಟರ್, ಹತ್ತು ಅಂಕದ ಚುಕ್ಕೆ ಬರಿಯ ಅರ್ಧ ಮಿಲಿಮೀಟರ್, ಗಸಗಸೆ ಕಾಳಿಗಿಂತ ಚಿಕ್ಕದು. ಅದನ್ನು ನೆಲದಿಂದ 1.4 ಮೀಟರ್ ಎತ್ತರಕ್ಕೆ ನಿಲ್ಲಿಸಬೇಕು, ಮೇಲೆ ಕನಿಷ್ಠ 1500 ಲಕ್ಸ್ ಬೆಳಕು ಬೀಳಬೇಕು. ಹಿಂದೆ ಗುಂಡು ಹಿಡಿಯುವ ಕಬ್ಬಿಣದ ಪೆಟ್ಟಿಗೆ, ಅದರ ಹಿಂದೆ ಇಟ್ಟಿಗೆ ಗೋಡೆ. ಶೂಟರ್ ನಿಲ್ಲುವ ಜಾಗವೂ ಸೇರಿ ಐವತ್ತಡಿ ಉದ್ದ ಸಾಕು. ಕರೆಂಟು ಹೋಗುವ ಊರು, ಇನ್ವರ್ಟರ್ ಬೇಕು. ಪಂದ್ಯದಲ್ಲಿ 75 ನಿಮಿಷಕ್ಕೆ 60 ಗುಂಡು. ಅಷ್ಟು ಹೊತ್ತು ನಿಂತು ಅಭ್ಯಾಸ ಮಾಡಲು ಬೇಕಾದ ಮೌನ ಬೆಂಗಳೂರಿಗಿಂತ ಇಲ್ಲಿ ಅಗ್ಗ.

ಎಚ್ಚರಿಕೆಗಳೂ ಇವೆ. ಗುಂಡು ಸೀಸದ್ದು, ಊಟದ ಭತ್ತ ಇರುವ ಜಾಗದಲ್ಲಿ ಅದರ ಧೂಳು ಕೂಡದು. ಆದ್ದರಿಂದ ನಡುವೆ ಗೋಡೆ, ಬೇರೆ ಬಾಗಿಲು, ಗಾಳಿ ಆಡುವ ಕಿಟಕಿ. ಕಸ ಗುಡಿಸುವುದು ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಳಗೆ ತಿನ್ನಬಾರದು, ಮುಗಿದ ಮೇಲೆ ಕೈ ತೊಳೆಯಬೇಕು. ಗುರಿಯ ಬದಿಯಲ್ಲಿ ಬಾಗಿಲು ಇರಲೇಬಾರದು; ಭಾವನ ಗೋದಾಮಿನಲ್ಲಿ ಒಂದಿತ್ತು, ಅದನ್ನು ಮುಚ್ಚಿಸುವುದೆಂದಾಯಿತು. ಏರ್‌ಗನ್ನಿಗೆ ಪರವಾನಗಿ ಬೇಡವೆಂದರೆ ಅದು ಆಟಿಕೆ ಎಂದಲ್ಲ, ಬೀಗದ ಕಪಾಟಿನಲ್ಲೇ ಇರಬೇಕು. ಓಣಿಯ ಹುಡುಗರು ಬಂದು ನವಿಲಿಗೋ ಕೋತಿಗೋ ಒಂದು ಹೊಡೆತ ಎಂದು ಕೇಳುತ್ತಾರೆ, ಕೇಳಿಯೇ ಕೇಳುತ್ತಾರೆ. 1972ರ ವನ್ಯಜೀವಿ ಕಾಯ್ದೆಗೆ ಹೊಡೆದದ್ದು ಗಾಳಿಯಿಂದಲೋ ಮದ್ದಿನಿಂದಲೋ ಎಂಬ ಭೇದವಿಲ್ಲ. ಹೊರಗಿನವರಿಂದ ಶುಲ್ಕ ಪಡೆದು ಕಲಿಸಲು ಹೊರಟರೆ ಕೃಷಿಭೂಮಿಯ ಪರಿವರ್ತನೆಯ ಪ್ರಶ್ನೆ ಏಳುತ್ತದೆ, ಆಗ ತಹಶೀಲ್ದಾರ್ ಕಚೇರಿಗೆ ಮೊದಲು ಹೋಗಬೇಕು.

50 ಮೀಟರಿನ ಅಭ್ಯಾಸಕ್ಕೆ ಮಗಳು ಬೆಂಗಳೂರಿನಲ್ಲಿ ಸರದಿ ಕಾಯುವುದು ತಪ್ಪುವುದಿಲ್ಲ. ಕಲ್ಯಾಣ ಕರ್ನಾಟಕದ ಯುವ ಶೂಟರುಗಳಿಗೆ ಈ ದೂರವೇ ದೊಡ್ಡ ಅಡ್ಡಿ. ಇದೇ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟಿನಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್‌ಗಳಿಗೆ ಅಂತರರಾಷ್ಟ್ರೀಯ ಮಟ್ಟದ ತರಬೇತಿಯಿದೆ. ಗುಂಡಿನ ಗುರಿಗೂ ಹೊಸಪೇಟೆಯಲ್ಲೊಂದು ಸಾರ್ವಜನಿಕ ರೇಂಜ್, ಸರಿಯಾದ ದಿಬ್ಬ, ಕಾವಲು, ಕೋಚ್ ಸಮೇತ ಬಂದರೆ ಹೊಲದಲ್ಲಿ ಟೇಪು ಹಿಡಿದು ಓಡಾಡುವ ಅಪ್ಪಂದಿರ ಕೆಲಸ ತಪ್ಪುತ್ತದೆ. ಕ್ರೀಡಾ ಇಲಾಖೆ ಇದನ್ನು ಯೋಚಿಸಬೇಕು.

ಅಲ್ಲಿಯವರೆಗೆ ಊರಿನ ಜಮೀನಿನಲ್ಲಿ ರೇಂಜ್ ಕಟ್ಟುವ ಆಸೆ ಇರುವವರು ಬಂದೂಕಿನ ಅಂಗಡಿಗೆ ಹೋಗುವ ಮೊದಲು, ನಾಟಿಯ ಹೊತ್ತಿನಲ್ಲೊಮ್ಮೆ, ಕುರಿ ತರುಬುವ ಹೊತ್ತಿನಲ್ಲೊಮ್ಮೆ, ಗುರಿ ನಿಲ್ಲಿಸಬೇಕೆಂದಿರುವ ಬದುವಿನ ಆಚೆಗೆ ಒಂದೂವರೆ ಕಿಲೋಮೀಟರ್ ನಡೆದು ನೋಡಿ ಬರಲಿ. ಜೊತೆಗೆ ಆ ಹೊಲ ಉಳುವವರನ್ನು ಕರೆದೊಯ್ಯಲಿ.